ಇರಾನ್ ಸುದ್ದಿ: ಒಳಗಿನ ಪತ್ರಿಕೆ ಒಂದು ಹೇಳುತ್ತೆ, ಹೊರಗಿನ ಚಾನೆಲ್ ಇನ್ನೊಂದು. ಓದೋದು ಹೇಗೆ?

ಪುಟಕೊನೆ: ಬೀದಿಗಿಳಿದ ಜನ ಇರಾನಿನ ತಸ್ನೀಮ್ ಸುದ್ದಿ ಏಜೆನ್ಸಿಗೆ ‘ಎಘ್ತೆಶಾಶಾತ್’ (ಗಲಭೆ), ಹೊರದೇಶದ ಚಾನೆಲ್‌ಗಳಿಗೆ ‘ಎತೆರಾಜಾತ್’ (ಪ್ರತಿಭಟನೆ). ಸತ್ತವರ ಲೆಕ್ಕವೂ ತಾಳೆಯಾಗಲ್ಲ. ಫಾರ್ಸಿಯಿಂದ ನೇರ ಕನ್ನಡಕ್ಕೆ ಸುದ್ದಿ ತರುವಾಗ ಯಾರನ್ನು ನೆಚ್ಚಬೇಕು? ಟೆಹರಾನಿನಲ್ಲಿ ಅಚ್ಚಾಗೋದೆಲ್ಲ ಸರ್ಕಾರದ ತುತ್ತೂರಿಯೇ?

ಅಚ್ಚುಮೊಳೆ: ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಬೇಡಿ. ರೇಡಿಯೋ, ಟೀವಿ ಪೂರ್ತಿ ಸರ್ಕಾರದ್ದು. ಸಂವಿಧಾನದ 175ನೇ ವಿಧಿಯಂತೆ ಅದರ ಮುಖ್ಯಸ್ಥರನ್ನು ಸರ್ವೋಚ್ಚ ನಾಯಕರೇ ನೇಮಿಸುತ್ತಾರೆ. ಫಾರ್ಸ್, ತಸ್ನೀಮ್ ಏಜೆನ್ಸಿಗಳು ಸರ್ವೋಚ್ಚ ನಾಯಕರ ಕೈಕೆಳಗಿನ ಸೇನೆ ರೆವಲ್ಯೂಷನರಿ ಗಾರ್ಡ್ಸ್‌ಗೆ ಹತ್ತಿರದವು. ಅಲ್ಲಿ ‘ಮನ್ಬಎ ಆಗಾಹ್’ (ಬಲ್ಲ ಮೂಲ) ಅಂತ ಕಂಡರೆ, ಆ ವಲಯದವರು ಹೊರಗೆ ಹೇಳಬೇಕೆಂದಿರುವ ಮಾತು ಅದು ಅಂತಲೇ ಓದಿ.

ಶರ್ಘ್, ಎತೆಮಾದ್, ಹಮ್‌ಮಿಹನ್ ಪತ್ರಿಕೆಗಳು ಬೇರೆ ಜಾತಿ. ಆದರೆ ಅವುಗಳ ಪರವಾನಗಿ ಪತ್ರಿಕಾ ಮೇಲ್ವಿಚಾರಣಾ ಮಂಡಳಿಯ ಕೈಯಲ್ಲಿ. 2000ದ ಏಪ್ರಿಲ್‌ನಲ್ಲಿ ಹತ್ತಾರು ಸುಧಾರಣಾವಾದಿ ಪತ್ರಿಕೆಗಳನ್ನು ಸಾಲಾಗಿ ಮುಚ್ಚಿಸಿದ್ದನ್ನು ಅಲ್ಲಿನ ಯಾವ ಸಂಪಾದಕರೂ ಮರೆತಿಲ್ಲ. ಹಾಗಾಗಿ ಆರೋಪ ನೇರವಾಗಿ ಬರಲ್ಲ. ವಕೀಲರ ಹೇಳಿಕೆಯಾಗಿಯೋ ಸಂಸದರ ಪ್ರಶ್ನೆಯಾಗಿಯೋ ಬರುತ್ತೆ. ತಲೆಬರಹ ಸಪ್ಪೆ ಇದ್ದರೂ ಕೊನೆಯ ಪ್ಯಾರಾವರೆಗೆ ಓದಿ, ಸರಕು ಇರೋದು ಅಲ್ಲೇ.

ತುತ್ತೂರಿ ಅನ್ನೋರಿಗೆ ಒಂದು ನೆನಪು: 2022ರ ಸೆಪ್ಟೆಂಬರ್‌ನಲ್ಲಿ ಹಿಜಾಬ್ ವಿಚಾರಕ್ಕೆ ಪೊಲೀಸರು ಹಿಡಿದ ಮೇಲೆ ಸತ್ತ ಯುವತಿ ಮಹಸಾ ಅಮಿನಿ ಇದ್ದ ಆಸ್ಪತ್ರೆಯಿಂದ ಸುದ್ದಿ ತಂದವರು ಶರ್ಘ್‌ನ ನಿಲೂಫರ್ ಹಮೇದಿ, ಆಕೆಯ ಊರು ಸಕ್ಕೆಜ್‌ನ ಅಂತ್ಯಕ್ರಿಯೆಗೆ ಹೋದವರು ಹಮ್‌ಮಿಹನ್‌ನ ಎಲಾಹೆ ಮೊಹಮ್ಮದಿ. ಇಬ್ಬರೂ ಜೈಲು ಕಂಡರು.

ಹಾದಿಬದಿ: ಒಪ್ಪಿದೆ, ಆದರೆ ಹೊರಗಿನವರನ್ನೂ ಜರಡಿ ಹಿಡಿಯಬೇಕಲ್ಲ. ಮೊದಲು ದುಡ್ಡು ನೋಡಿ. ರೇಡಿಯೋ ಫರ್ದಾ (ಪ್ರಾಗ್, 2002ರಿಂದ) ಅಮೆರಿಕ ಸರ್ಕಾರದ ಹಣದ್ದು. ಬಿಬಿಸಿ ಪರ್ಷಿಯನ್‌ಗೆ ಬ್ರಿಟನ್ನಿನ ಲೈಸೆನ್ಸ್ ಶುಲ್ಕದ ಜೊತೆ ವಿದೇಶಾಂಗ ಇಲಾಖೆಯ ಅನುದಾನವೂ ಬರುತ್ತೆ. ಇರಾನ್ ಇಂಟರ್‌ನ್ಯಾಷನಲ್‌ಗೆ ಸೌದಿ ನಂಟಿನ ಬಂಡವಾಳ ಅಂತ ವರದಿಗಳಿವೆ. ಯಾವ ಸರ್ಕಾರದ ಹಿಡಿತವೂ ಇಲ್ಲ ಅನ್ನೋದು ಚಾನೆಲ್‌ನ ಮಾತು.

ಅವರ ನಿಜವಾದ ಕಷ್ಟ ಬೇರೆ: ಸ್ಥಳದಲ್ಲಿ ವರದಿಗಾರರಿಲ್ಲ. ಪ್ರೇಕ್ಷಕರು ಕಳಿಸಿದ ಮೊಬೈಲ್ ವಿಡಿಯೋನೇ ಕಚ್ಚಾ ಮಾಲು, ಹಳೇ ವಿಡಿಯೋ ಹೊಸ ದಿನಾಂಕ ಹೊತ್ತು ನುಸುಳೋದು ಅಲ್ಲೇ. ಕೆಲವು ಫ್ರೇಮ್ ತೆಗೆದು ಚಿತ್ರ ಹುಡುಕಾಟಕ್ಕೆ ಹಾಕಿ. ಅಂಗಡಿ ಬೋರ್ಡು, ಬಸ್ಸಿನ ಬಣ್ಣ, ಹಿಂದಿನ ಬೆಟ್ಟವನ್ನು ಉಪಗ್ರಹ ನಕ್ಷೆಯ ಜೊತೆ ಹೋಲಿಸಿ. ಘೋಷಣೆ ಕಿವಿಗೊಟ್ಟು ಕೇಳಿ. ಭಾಷೆ ಕುರ್ದಿಯೋ ಅಜರಿಯೋ ಗೊತ್ತಾದರೆ ಊರು ಅರ್ಧ ಸಿಕ್ಕ ಹಾಗೆ. ಮೂರು ಚಾನೆಲ್‌ನಲ್ಲಿ ಒಂದೇ ಕ್ಲಿಪ್ ಬಂದರೆ ಮೂಲ ಮೂರಲ್ಲ, ಒಂದೇ.

ಪುಟಕೊನೆ: ಹುಡುಕಿದರೆ ಹಳೇ ವರದಿ ಸಿಗ್ತಾನೇ ಇಲ್ಲ. ಹೆಸರು ಸರಿಯಾಗೇ ಟೈಪ್ ಮಾಡಿದ್ದೆ.

ಕರಡುತಿದ್ದು: ಅದು ಅಕ್ಷರದ ಕಾಟ. ಅರಬ್ಬಿಯ ‘ಯೆ’, ‘ಕಾಫ್’ ಅಕ್ಷರಗಳಿಗೆ ಕಂಪ್ಯೂಟರಿನಲ್ಲಿ ಬೇರೆ ಕೋಡ್, ಫಾರ್ಸಿಯವು ಬೇರೆ. ಕಣ್ಣಿಗೆ ಹೆಚ್ಚುಕಡಿಮೆ ಒಂದೇ. ಎರಡರಲ್ಲೂ ಹುಡುಕಿ. ‘ನೀಮ್‌ಫಾಸೆಲೆ’ ಅನ್ನೋ ಅರೆಜಾಗವನ್ನು (ಎರಡು ಅಕ್ಷರ ಕೂಡದಂತೆ ತಡೆಯೋ ಕಾಣದ ಚಿಹ್ನೆ) ಬಿಟ್ಟೂ ನೋಡಿ. ನಮ್ಮ ‘ರಾಜ್‌ಕುಮಾರ್’ ನಡುವೆ ಕಾಣದಂತೆ ಕೂತಿರುತ್ತಲ್ಲ, ಅದೇ ಗಿರಾಕಿ.

ದಿನಾಂಕಕ್ಕೆ: ಮಾರ್ಚ್ 21ರ ಸುಮಾರಿಗೆ ಬರೋ ಇರಾನಿ ಹೊಸವರ್ಷ ನವ್‌ರೂಜ್‌ನಿಂದ ಡಿಸೆಂಬರ್ 31ರವರೆಗೆ ಇರಾನಿ ವರ್ಷಕ್ಕೆ 621 ಕೂಡಿ, ಆಮೇಲೆ 622. 25 ಶಹರೀವರ್ 1401 ಅಂದರೆ 16 ಸೆಪ್ಟೆಂಬರ್ 2022.

ದುಡ್ಡಿನಲ್ಲಿ ಎಡವೋರು ಇನ್ನೂ ಜಾಸ್ತಿ. 1 ತೋಮಾನ್ = 10 ರಿಯಾಲ್. ಸರ್ಕಾರಿ ಕಡತ ರಿಯಾಲ್‌ನಲ್ಲಿ, ಬಾಯಿಮಾತು ತೋಮಾನ್‌ನಲ್ಲಿ. ಒಂದು ಸೊನ್ನೆ ತಪ್ಪಿದರೆ ಇಡೀ ಸುದ್ದಿ ಕೆಟ್ಟಿತು. ಬಜೆಟ್ ಸುದ್ದಿಯ ‘ಹೆಮ್ಮತ್’ ಅಂದರೆ ಸಾವಿರ ಮಿಲಿಯಾರ್ದ್ (ಮಿಲಿಯಾರ್ದ್ ಅಂದರೆ ನೂರು ಕೋಟಿ) ತೋಮಾನ್, ನಮ್ಮ ಲೆಕ್ಕದಲ್ಲಿ 1 ಲಕ್ಷ ಕೋಟಿ ತೋಮಾನ್.

ಅಚ್ಚುಮೊಳೆ: ಇನ್ನೊಂದು. ಒಳಗಿನ ಸೈಟ್‌ಗಳಲ್ಲಿ ವರದಿ ಬೆಳಿಗ್ಗೆ ಇದ್ದು ಸಂಜೆಗೆ ಮಾಯವಾಗುತ್ತೆ. ಓದಿದ ಕೂಡಲೇ ಗಂಟೆ ಸಮೇತ ಆರ್ಕೈವ್ ಪ್ರತಿ ಇಟ್ಟುಕೊಳ್ಳಿ. ಟೆಲಿಗ್ರಾಮ್ ಪೋಸ್ಟಿನ ಕೆಳಗೆ ‘ಎಡಿಟೆಡ್’ ಅಂತ ಇದ್ದರೆ ಮೊದಲಿನ ಪಠ್ಯ ಯಾರಾದರೂ ಫಾರ್ವರ್ಡ್ ಮಾಡಿದ್ದಾರಾ ನೋಡಿ. ಅಳಿಸಿದ್ದೂ ಸುದ್ದಿಯೇ, ಆದರೆ ಅಳಿಸಿದ್ದಾರೆ ಅಂದಮಾತ್ರಕ್ಕೆ ಅದು ನಿಜ ಅಂತ ಬರೆದುಬಿಡಬೇಡಿ.