ಅಂಗಡಿ ಮುಚ್ಚಿದ ಅಪ್ಪ, ಹೀರೋಯಿನ್ ಆದ ಮಗಳು: ಓದುಗರ ಸ್ಪಂದನ

ಕಳೆದ ಸಲ ಪ್ರಕಟವಾದ ಸಮಸ್ಯೆ:

ನಾನು ದಾವಣಗೆರೆಯ ಗೃಹಿಣಿ. ಒಬ್ಬಳೇ ಮಗಳು, 17 ವರ್ಷ, ಸೆಕೆಂಡ್ ಪಿಯುಸಿ ಕಾಮರ್ಸ್. ಹೋದ ವರ್ಷ ಒಂದು ಸಿನಿಮಾದಲ್ಲಿ ನಾಯಕನ ತಂಗಿಯ ಪಾತ್ರ ಮಾಡಿದಳು, ಜನ ತುಂಬಾ ಇಷ್ಟಪಟ್ಟರು. ಈಗ ಹೀರೋಯಿನ್ ಆಗಿ ಎರಡು ಸಿನಿಮಾಗೆ ಕರೆದಿದ್ದಾರೆ, ಅಡ್ವಾನ್ಸ್ ಕೂಡ ಬಂದಿದೆ. ಪರೀಕ್ಷೆ ಬರೆಯಲ್ಲ ಅಂತ ಹಟ ಹಿಡಿದಿದ್ದಾಳೆ. ನಮ್ಮ ಮನೆಯವರು ಮಂಡಿಪೇಟೆಯ ಪಾತ್ರೆ ಅಂಗಡಿ ಮುಚ್ಚಿ, ಅವಳ ಕಾಲ್‌ಶೀಟ್ ನೋಡಿಕೊಳ್ಳುತ್ತೇನೆ ಅಂತ ಬೆಂಗಳೂರಿಗೆ ಹೊರಟಿದ್ದಾರೆ. ಅತ್ತೆ ಬಣ್ಣದ ಸಹವಾಸವೇ ಬೇಡ ಅಂತ ಊಟ ಬಿಟ್ಟು ಕೂತಿದ್ದಾರೆ. ಯಾರ ಮಾತು ಕೇಳಲಿ?

---

ತಂಗಿ, ನಿಮ್ಮ ಪತ್ರ ಓದಿದವರೆಲ್ಲ ಮಗಳ ಬಗ್ಗೆ ಯೋಚಿಸುತ್ತಾರೆ. ನನಗೆ ಯೋಚನೆ ಆಗಿದ್ದು ಪಾತ್ರೆ ಅಂಗಡಿ ಬಗ್ಗೆ.

17ಕ್ಕೆ ಸಿನಿಮಾ ಸೇರಿದರೆ ಜೀವನ ಹಾಳು ಅಂತೇನಿಲ್ಲ. ಬಿ. ಸರೋಜಾದೇವಿ 1955ರಲ್ಲಿ 'ಮಹಾಕವಿ ಕಾಳಿದಾಸ' ಮಾಡಿದಾಗ ಅವರಿಗೂ ಅಷ್ಟೇ ವಯಸ್ಸು. ಮೂರು ವರ್ಷ ಕಳೆಯುವಷ್ಟರಲ್ಲಿ ತಮಿಳಿನಲ್ಲಿ ಎಂ.ಜಿ.ಆರ್. ಜೊತೆ ನಟಿಸಿ ದೊಡ್ಡ ಹೆಸರಾದರು, ಆಮೇಲೆ ತೆಲುಗು, ಹಿಂದಿ. 1967ರಲ್ಲಿ ಮದುವೆಯಾದ ಮೇಲೂ ನಟನೆ ಬಿಡಲಿಲ್ಲ. 1969ಕ್ಕೆ ಪದ್ಮಶ್ರೀ, 1992ಕ್ಕೆ ಪದ್ಮಭೂಷಣ. 2025ರ ಜುಲೈನಲ್ಲಿ ತೀರಿಕೊಂಡಾಗ ಅವರಿಗೆ 87. ಅವರ ತಂದೆ ಪೊಲೀಸ್ ಇಲಾಖೆಯಲ್ಲಿದ್ದವರು. ತಾಯಿ ರುದ್ರಮ್ಮ ಬಹಳ ಕಟ್ಟುನಿಟ್ಟು. ತೋಳಿಲ್ಲದ ರವಿಕೆ ಬೇಡ, ಈಜುಡುಗೆ ಬೇಡ ಅಂದರೆ ಮುಗೀತು, ಎಷ್ಟೇ ದೊಡ್ಡ ನಿರ್ಮಾಪಕರಾದರೂ ಅಷ್ಟೇ. ನಿಮ್ಮ ಮಗಳಿಗೂ ರವಿಕೆಯ ನಿಯಮ ಮಾಡಿ ಅಂತ ನಾನು ಹೇಳುತ್ತಿಲ್ಲ, ಅದು ಆ ಕಾಲದ ಮಾತು. ಆದರೆ ಬೇಡ ಅನ್ನುವ ಧೈರ್ಯ ಇರುವ ಒಬ್ಬರು ಮನೆಯಲ್ಲಿ ಇರಬೇಕು. ಮನೆ ಬಾಡಿಗೆ, ದಿನಸಿ, ಅಪ್ಪನ ಪೆಟ್ರೋಲು ಎಲ್ಲ ಅವಳ ಅಡ್ವಾನ್ಸಿನಲ್ಲೇ ನಡೆಯೋಕೆ ಶುರುವಾದರೆ, ಕೆಟ್ಟ ಕಥೆ ಬಂದ ದಿನ, ಕೆಟ್ಟ ಜನ ಬಂದ ದಿನ ಬೇಡ ಅನ್ನುವವರು ಯಾರು? ನಿಮ್ಮವರು ಬೆಂಗಳೂರಿಗೆ ಹೋಗುವುದಾದರೆ ಶೂಟಿಂಗ್ ಇದ್ದಾಗ ಹೋಗಿ ಬರಲಿ. ಅಂಗಡಿ ಬಾಗಿಲು ಮಾತ್ರ ತೆಗೆಸಿ.

– ನಿವೃತ್ತ ಶಿಕ್ಷಕಿ, ವಿದ್ಯಾನಗರ, ದಾವಣಗೆರೆ

---

ಮೇಡಂ, ನಾನು ತೆರಿಗೆ ಲೆಕ್ಕ ಬರೆಯುವವನು. ಭಾವನೆಯ ಮಾತು ಬೇರೆಯವರು ಬರೆಯುತ್ತಾರೆ, ನಾನು ದುಡ್ಡಿನ ಮಾತು ಹೇಳುತ್ತೇನೆ.

ಮೊದಲನೆಯದು, 18 ತುಂಬದವರು ಮಾಡಿಕೊಂಡ ಒಪ್ಪಂದ ನಮ್ಮ ಕಾನೂನಿನಲ್ಲಿ ನಿಲ್ಲುವುದಿಲ್ಲ. ಹಾಗಾಗಿ ಅಗ್ರಿಮೆಂಟಿಗೆ ಸಹಿ ಕೇಳುವುದು ನಿಮ್ಮಿಬ್ಬರಲ್ಲಿ ಒಬ್ಬರದ್ದು. ಸಹಿ ಹಾಕುವ ಮೊದಲು ಒಬ್ಬ ವಕೀಲರಿಗೆ ಓದಿಸಿ. ಎಷ್ಟು ವರ್ಷ ಬೇರೆ ಬ್ಯಾನರಿನಲ್ಲಿ ನಟಿಸಬಾರದು ಅಂತ ಬರೆದಿದ್ದಾರಾ, ಸಿನಿಮಾ ಅರ್ಧಕ್ಕೆ ನಿಂತರೆ ಅಡ್ವಾನ್ಸ್ ವಾಪಸ್ ಕೇಳುತ್ತಾರಾ, ಡಬ್ಬಿಂಗ್ ಮತ್ತು ಪ್ರಚಾರದ ದಿನಗಳಿಗೆ ಬೇರೆ ದುಡ್ಡು ಇದೆಯಾ, ಇಷ್ಟನ್ನಾದರೂ ನೋಡಿ. ಬಾಯಿಮಾತಿಗೆ ತಲೆ ಆಡಿಸಬೇಡಿ.

ಎರಡನೆಯದು, ಅಪ್ರಾಪ್ತ ಮಕ್ಕಳ ಆದಾಯವನ್ನು ಸಾಮಾನ್ಯವಾಗಿ ಅಪ್ಪ ಅಥವಾ ಅಮ್ಮನ ಆದಾಯಕ್ಕೆ ಸೇರಿಸಿ ತೆರಿಗೆ ಹಾಕುತ್ತಾರೆ. ಆದರೆ ಮಗು ತನ್ನ ಪ್ರತಿಭೆಯಿಂದ ದುಡಿದದ್ದಕ್ಕೆ ಅದು ಅನ್ವಯಿಸುವುದಿಲ್ಲ. ಅದು ಅವಳದೇ ಆದಾಯ, ಅವಳ ಹೆಸರಿಗೇ ರಿಟರ್ನ್. ಪ್ಯಾನ್ ಕಾರ್ಡ್ ಈಗಲೇ ಮಾಡಿಸಬಹುದು. ಅವಳ ಹೆಸರಿನಲ್ಲಿ ಖಾತೆ ತೆರೆದು ಸಂಭಾವನೆ ನೇರವಾಗಿ ಅಲ್ಲಿಗೇ ಬರುವಂತೆ ಮಾಡಿ, ನಗದು ತಗೋಬೇಡಿ. 18 ತುಂಬಿದ ಕೂಡಲೇ ಬ್ಯಾಂಕಿಗೆ ಹೋಗಿ ಖಾತೆಯನ್ನು ಅವಳ ಸಹಿಗೇ ಬದಲಾಯಿಸಿ. ಇದನ್ನು ಎಷ್ಟೋ ಜನ ಮರೆಯುತ್ತಾರೆ. ಮರೆತಂತೆ ನಟಿಸುವವರೂ ಇದ್ದಾರೆ.

14ರ ಒಳಗಿನ ಮಕ್ಕಳು ಸಿನಿಮಾದಲ್ಲಿ ನಟಿಸಿದರೆ 2017ರ ನಿಯಮದ ಪ್ರಕಾರ ಸಂಪಾದನೆಯ ಕನಿಷ್ಠ ಶೇ 20 ಭಾಗವನ್ನು ಮಗುವಿನ ಹೆಸರಿನಲ್ಲಿ ಬ್ಯಾಂಕಿನಲ್ಲಿ ಠೇವಣಿ ಇಡಬೇಕು, ದಿನಕ್ಕೆ ಐದು ಗಂಟೆಗಿಂತ ಜಾಸ್ತಿ ದುಡಿಸುವಂತಿಲ್ಲ. ನಿಮ್ಮ ಮಗಳು ಆ ವಯಸ್ಸು ದಾಟಿದ್ದಾಳೆ, ಆ ರಕ್ಷಣೆ ಅವಳಿಗಿಲ್ಲ. ಕಾನೂನು ಹೇಳದಿದ್ದರೇನು, ನೀವೇ ಮಾಡಿ. ಶೇ 20 ಅಲ್ಲ, ಖರ್ಚು ಕಳೆದು ಉಳಿದದ್ದೆಲ್ಲ ಅವಳ ಹೆಸರಿಗೆ ಇಡಿ.

– ತೆರಿಗೆ ಸಲಹೆಗಾರ, ಪಿ.ಜೆ. ಬಡಾವಣೆ, ದಾವಣಗೆರೆ

---

ಮೊದಲು ಅತ್ತೆಗೆ ಊಟ ಮಾಡಿಸಿ. ಆಮೇಲೆ ಸಿನಿಮಾ.

– ಒಬ್ಬ ಸೊಸೆ, ಹರಿಹರ

---

ಅಮ್ಮಾ, ನಾನು ಕಂಪನಿ ನಾಟಕದಲ್ಲಿ ಬಣ್ಣ ಹಚ್ಚಿದವಳು. ಅತ್ತೆಯ ಮಾತಿಗೆ ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವರ ಕಾಲದವರು ಏನೇನು ಓದಿದ್ದಾರೆ ನೋಡಿ. 1979ರಲ್ಲಿ ಕಲ್ಪನಾ ಹೋದಾಗ ಅವರಿಗೆ 36 ಕೂಡ ತುಂಬಿರಲಿಲ್ಲ. ಅಷ್ಟು ದೊಡ್ಡ ನಟಿ, ಕೊನೆಗಾಲದಲ್ಲಿ ನಾಟಕ ಕಂಪನಿ ಜೊತೆ ಊರೂರು ತಿರುಗುತ್ತಿದ್ದರು. 1986ರಲ್ಲಿ ಮಂಜುಳಾ, ಅವರಿಗೂ 31-32 ಅಷ್ಟೇ. ಇಬ್ಬರ ಸುದ್ದಿಯೂ ಬಂದ ದಿನ ಹೆಂಗಸರು ಮನೆಯವರೇ ಹೋದಂತೆ ಅತ್ತಿದ್ದರು. ಮೊಮ್ಮಗಳು ಅದೇ ದಾರಿ ಹಿಡಿದಳು ಅಂದರೆ ಅಜ್ಜಿಗೆ ಹೆದರಿಕೆ ಆಗದೆ ಇರುತ್ತಾ?

ಆದರೆ ಅಜ್ಜಿಗೆ ಇನ್ನೊಂದನ್ನೂ ನೆನಪಿಸಿ. ನಮ್ಮ ದಾವಣಗೆರೆಯ ಚಿಂದೋಡಿ ಲೀಲಾ ಚಿಕ್ಕಂದಿನಲ್ಲೇ ರಂಗಕ್ಕೆ ಬಂದವರು, ಪದ್ಮಶ್ರೀ ತನಕ ಹೋದರು. 'ಹಳ್ಳಿ ಹುಡುಗಿ', 'ಪೊಲೀಸನ ಮಗಳು' ನಾಟಕಕ್ಕೆ ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ನಿಮ್ಮ ಅತ್ತೆಯೂ ನೋಡಿರುತ್ತಾರೆ, ಕೇಳಿ ಬೇಕಾದರೆ. ಬೆಳ್ತಂಗಡಿ ಕಡೆಯಿಂದ ಬಂದ ಲೀಲಾವತಿ ಕಷ್ಟದಲ್ಲೇ ಬೆಳೆದರು. ಕೊನೆಗೆ ಸೋಲದೇವನಹಳ್ಳಿಯಲ್ಲಿ ತೋಟ ಮಾಡಿ ಆ ಊರಿಗೆ ಆಸ್ಪತ್ರೆ ಕಟ್ಟಿಸಿಕೊಟ್ಟು ಹೋದರು.

ಒಂದು ಮಾತು ಮಾತ್ರ ಖಾರವಾಗಿ ಹೇಳುತ್ತೇನೆ. ಕಂಪನಿಯಲ್ಲಿದ್ದಾಗ ನಾನು ಕಣ್ಣಾರೆ ಕಂಡಿದ್ದೇನೆ. ಒಬ್ಬ ಹುಡುಗಿಗೆ ಚಪ್ಪಾಳೆ ಬಿದ್ದ ಕೂಡಲೇ ಮನೆಯ ಗಂಡಸರೆಲ್ಲ ಕೆಲಸ ಬಿಟ್ಟು ಅವಳ ಹಿಂದೆ ಕೂತುಬಿಡುತ್ತಿದ್ದರು. ಅವಳಿಗೆ ಜ್ವರ ಬಂದರೂ ರಜೆ ಇಲ್ಲ, ಮದುವೆ ವಯಸ್ಸಾದರೂ ಮದುವೆ ಮಾತಿಲ್ಲ. ದುಡಿಯುವ ಎತ್ತನ್ನು ಯಾರು ಮಾರುತ್ತಾರೆ ಹೇಳಿ?

ನಟನೆ ಕಲಿಯುವುದಕ್ಕೆ ಬೆಂಗಳೂರಿಗೇ ಹೋಗಬೇಕು ಅಂತೇನೂ ಇಲ್ಲ. ಕೊಂಡಜ್ಜಿಯಲ್ಲಿ ವೃತ್ತಿ ರಂಗಭೂಮಿಯ ರಂಗಾಯಣ ಇದೆ, ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ರಂಗಶಾಲೆ ಇದೆ. ಮುಖ ಚೆನ್ನಾಗಿದೆ ಅಂತ ಸಿಕ್ಕ ಅವಕಾಶ ಮುಖ ಇರುವ ತನಕ. ಮಾತು ಒಪ್ಪಿಸುವುದು, ನಿಲ್ಲುವುದು, ಉಸಿರು ಹಿಡಿಯುವುದು ಕಲಿತರೆ ಅತ್ತೆ ಪಾತ್ರಕ್ಕೂ ಕರೆಯುತ್ತಾರೆ, ಅಜ್ಜಿ ಪಾತ್ರಕ್ಕೂ ಕರೆಯುತ್ತಾರೆ.

– ಹಳೆಯ ರಂಗನಟಿ, ದಾವಣಗೆರೆ

---

ಎಲ್ಲರೂ ಹೆದರಿಸುವುದೇ ಆಯಿತು ಅನ್ನಿಸುತ್ತೆ! ಅಕ್ಕ, ನಾನು ದುರ್ಗದವನು, ಸಿನಿಮಾ ಹುಚ್ಚ. 1972ರಲ್ಲಿ 'ನಾಗರಹಾವು' ನಮ್ಮ ಕೋಟೆಯಲ್ಲಿ ತೆಗೆದರು, ಕಥೆ ನಮ್ಮ ಜಿಲ್ಲೆಯ ತಳುಕಿನ ತ.ರಾ.ಸು. ಅವರದ್ದು. ಅದರಲ್ಲಿ ಜಯಂತಿ ಬರುವುದು ಒಂದು ಹಾಡಿಗೆ, ಓಬವ್ವನಾಗಿ. ಆ ಹೊತ್ತಿಗೆ ಅವರು ದೊಡ್ಡ ಹೀರೋಯಿನ್. 1963ರಲ್ಲಿ 'ಜೇನುಗೂಡು' ಮಾಡಿದಾಗ ಅವರೂ 18ರ ಹುಡುಗಿ. ಒಂದೇ ಹಾಡು ಅಂತ ಬಿಟ್ಟಿದ್ದರೆ? ಇವತ್ತಿಗೂ ಕೋಟೆ ಹತ್ತಿದವರು ಓಬವ್ವನ ಕಿಂಡಿ ಮುಂದೆ ನಿಂತರೆ ಕಣ್ಣ ಮುಂದೆ ಬರುವುದು ಜಯಂತಿಯ ಮುಖವೇ. ಅದೇ ಸಿನಿಮಾದ ಅಲಮೇಲು, ಆರತಿ, ಹೆಸರಿನ ತುದಿಯಲ್ಲಿದ್ದಾಗ 80ರ ದಶಕದಲ್ಲಿ ಎಲ್ಲ ಬಿಟ್ಟು ಅಮೆರಿಕಕ್ಕೆ ಹೋದರು. ವರ್ಷಗಳ ಮೇಲೆ ಬಂದು ಮಕ್ಕಳ ಸಿನಿಮಾ ನಿರ್ದೇಶಿಸಿದರು. ಬರುವುದು, ಬಿಡುವುದು ಎರಡೂ ಅವರ ಇಷ್ಟದಂತೆ ನಡೆಯಿತು, ಅದು ಮುಖ್ಯ ಅಲ್ವಾ?

ವಯಸ್ಸಿಗೆ ಮೀರಿದ ಪಾತ್ರಗಳ ಮೇಲೆ ಮಾತ್ರ ಕಣ್ಣಿಡಿ. ಶ್ರೀದೇವಿ ನಾಲ್ಕು ವರ್ಷಕ್ಕೇ ಕ್ಯಾಮೆರಾ ಮುಂದೆ ಬಂದರು. ನಮ್ಮ 'ಭಕ್ತ ಕುಂಬಾರ'ದಲ್ಲೂ ಮಗುವಾಗಿ ನಟಿಸಿದ್ದರು. 1976ರಲ್ಲಿ ಒಂದು ತಮಿಳು ಸಿನಿಮಾದಲ್ಲಿ ರಜನಿಕಾಂತ್‌ಗೆ ಮಲತಾಯಿ ಆದರು, ಆಗ ಅವರಿಗೆ 13! ಈಗ ಟಿವಿಯಲ್ಲಿ ಬಂದರೆ ನನಗೆ ನೋಡೋಕೆ ಒಂಥರಾ ಆಗುತ್ತೆ. ನಟನೆ ಅದ್ಭುತ, ಅದರಲ್ಲಿ ಎರಡು ಮಾತಿಲ್ಲ, ಆದರೆ ಆ ಹುಡುಗಿ ಯಾವಾಗ ಆಟ ಆಡಿದಳು ಅಂತ ಮನಸ್ಸು ಕೇಳುತ್ತೆ. ನಿಮ್ಮ ಮಗಳ ಹೀರೋ ವಯಸ್ಸೆಷ್ಟು, ಕಥೆಯಲ್ಲಿ ಇವಳ ವಯಸ್ಸೆಷ್ಟು? ಪತ್ರದಲ್ಲಿ ಬರೆದಿಲ್ಲ. ಪೂರ್ತಿ ಕಥೆ ಕೇಳಿಸಿಕೊಳ್ಳದೆ ಕಳಿಸಬೇಡಿ.

– ಸಿನಿಮಾ ಅಭಿಮಾನಿ, ಚಿತ್ರದುರ್ಗ

---

ಆಂಟಿ, ನಾನು ಡಿಗ್ರಿ ಮೊದಲ ವರ್ಷ. ನಿಮ್ಮ ಮಗಳಿಗಿಂತ ಒಂದೇ ವರ್ಷ ದೊಡ್ಡವಳು, ಅದಕ್ಕೇ ಬರೆಯುತ್ತಿದ್ದೇನೆ. ಪರೀಕ್ಷೆ ಬೇಡ ಅನ್ನುವುದಕ್ಕೆ ಸಿನಿಮಾ ಒಂದೇ ಕಾರಣ ಅಂತ ನನಗೆ ಅನ್ನಿಸಲ್ಲ. ಕಾಲೇಜಿನಲ್ಲಿ ಅವಳಿಗೆ ಹೇಗಿದೆ ಅಂತ ಕೇಳಿದ್ದೀರಾ? ನಮ್ಮ ಕಾಲೇಜಿನ ಒಬ್ಬಳ ರೀಲ್ಸ್ ಸ್ವಲ್ಪ ಓಡಿತು ಅಷ್ಟೇ. ಕಾರಿಡಾರಿನಲ್ಲಿ ಹೋದರೆ ಹಾಡು ಹೇಳುವುದು, ಕೇಳದೆ ವಿಡಿಯೊ ಮಾಡುವುದು, ಲೆಕ್ಚರರ್ ಕೂಡ ಹೀರೋಯಿನ್ ಬಂದ್ರು ಅನ್ನುವುದು. ಅವಳು ಕ್ಲಾಸಿಗೆ ಬರುವುದನ್ನೇ ಕಡಿಮೆ ಮಾಡಿದಳು. ನಿಮ್ಮ ಮಗಳು ಸಿನಿಮಾನೇ ಮಾಡಿದ್ದಾಳೆ, ಇನ್ನೂ ಜಾಸ್ತಿ ಇರುತ್ತೆ. ಬಯ್ಯದೆ ಕೇಳಿ, ಹೇಳಬಹುದು. ಅವಳ ಇನ್‌ಸ್ಟಾ ಕಾಮೆಂಟು ಅವಳೇ ಓದುವುದು ಬೇಡ, ಬೇರೆ ಯಾರಾದರೂ ನೋಡಿಕೊಳ್ಳಲಿ.

ಪಿಯುಸಿಗೆ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇದೆ. ಒಂದರ ಸಮಯಕ್ಕೆ ಶೂಟಿಂಗ್ ಇದ್ದರೆ ಇನ್ನೊಂದು ಬರೆಯಬಹುದು. ಆದರೆ ಶೇ 75 ಹಾಜರಾತಿ ಬೇಕೇ ಬೇಕು, ಅದನ್ನು ಪ್ರಿನ್ಸಿಪಾಲರ ಹತ್ತಿರ ಈಗಲೇ ಮಾತಾಡಿ. ಪರೀಕ್ಷೆ ತಿಂಗಳು ಕಾಲ್‌ಶೀಟ್ ಇಲ್ಲ ಅಂತ ಅಗ್ರಿಮೆಂಟಲ್ಲೇ ಬರೆಸಿಬಿಡಿ. ಅವರು ಒಪ್ಪಲಿಲ್ಲ ಅಂದರೆ ಅವರು ಎಂಥವರು ಅಂತ ನಿಮಗೂ ಗೊತ್ತಾಗುತ್ತೆ.

ಮತ್ತೆ ಸೆಟ್ಟಿಗೆ ಅಂಕಲ್ ಜೊತೆ ನೀವೂ ಹೋಗಿ ಆಂಟಿ. ಬಟ್ಟೆ ಬದಲಾಯಿಸೋಕೆ ರೂಮ್ ಇದೆಯಾ, ಹೊರಾಂಗಣ ಶೂಟಿಂಗಲ್ಲಿ ಟಾಯ್ಲೆಟ್ ಎಲ್ಲಿ, ರಾತ್ರಿ ಯಾರ ಗಾಡಿಯಲ್ಲಿ ವಾಪಸ್ ಕಳಿಸುತ್ತಾರೆ, ಇವನ್ನೆಲ್ಲ ಅಪ್ಪಂದಿರಿಗೆ ಕೇಳೋಕೆ ಹೊಳೆಯಲ್ಲ.

– ವಿದ್ಯಾರ್ಥಿನಿ, ಚಳ್ಳಕೆರೆ