1978ರ ಪ್ರೀಮಿಯರ್ ಪದ್ಮಿನಿ: ಹೊಸ ಸ್ಟೀರಿಯೊ ಹಾಕಿಸಿದ ಮೇಲೆ ಕೊರೆಯುವ ಸದ್ದು, ನಿಲ್ಲಿಸಿಟ್ಟರೆ ಬ್ಯಾಟರಿ ಖಾಲಿ

ಪದ್ಮಿನಿ_ಮೈಸೂರು:

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರು ಕೊಂಡ 1978ರ ಪ್ರೀಮಿಯರ್ ಪದ್ಮಿನಿ ಈಗಲೂ ಚೆನ್ನಾಗಿ ಓಡುತ್ತಿದೆ. ಬ್ಯಾಟರಿ ಚಾರ್ಜ್ ಮಾಡಲು ಮೂಲದಲ್ಲಿದ್ದ ಡೈನಮೋ ತೆಗೆದು ಆಲ್ಟರ್ನೇಟರ್ ಕೂರಿಸಿ ಬಹಳ ವರ್ಷಗಳಾಗಿವೆ. ಒಂದೇ ಸ್ಪೀಕರಿನ ಹಳೆಯ ರೇಡಿಯೊ ಕೆಟ್ಟುಹೋದ ಕಾರಣ ಇತ್ತೀಚೆಗೆ ಬ್ಲೂಟೂತ್ ಇರುವ ಸ್ಟೀರಿಯೊವನ್ನೂ, ಹಿಂದಿನ ಸೀಟಿನ ಮೇಲಿನ ಹಲಗೆಯಲ್ಲಿ ಎರಡು ಸ್ಪೀಕರುಗಳನ್ನೂ ಹಾಕಿಸಿದೆ. ಅಂದಿನಿಂದ ನಾಲ್ಕು ತೊಂದರೆಗಳು ಕಾಣಿಸಿಕೊಂಡಿವೆ. ಆಕ್ಸಿಲರೇಟರ್ ಒತ್ತಿದಷ್ಟೂ ಏರುವ ಕೊರೆಯುವ ಸದ್ದು ಸ್ಪೀಕರಿನಲ್ಲಿ ಕೇಳುತ್ತದೆ. ಹೆಡ್‌ಲೈಟ್ ಉರಿಯುತ್ತಿರುವಾಗ ಹಾರ್ನ್ ಒತ್ತಿದರೆ ಸ್ಟೀರಿಯೊ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ. ಇಂಜಿನ್ ನಿಂತಿದ್ದಾಗಲೂ ಧ್ವನಿ ಹೆಚ್ಚಿಸಿದರೆ ಸೆಟ್ ತಾನಾಗಿಯೇ ಸ್ತಬ್ಧವಾಗುತ್ತದೆ. ಗಾಡಿಯನ್ನು ಒಂದು ವಾರ ನಿಲ್ಲಿಸಿಟ್ಟರೆ ಸ್ಟಾರ್ಟರ್ ತಿರುಗುವುದೇ ಇಲ್ಲ. ಅಂಗಡಿಯವರು ಸೆಟ್ಟಿನ ಹಳದಿ ಮತ್ತು ಕೆಂಪು ತಂತಿಗಳೆರಡನ್ನೂ ಒಟ್ಟಿಗೆ ಸೇರಿಸಿ ಟೇಪ್ ಸುತ್ತಿರುವುದು ಡ್ಯಾಶ್‌ಬೋರ್ಡಿನ ಕೆಳಗೆ ಕಾಣುತ್ತದೆ. ಗಾಡಿಯ ಮೂಲ ವೈರಿಂಗನ್ನು ಎಲ್ಲಿಯೂ ಕತ್ತರಿಸಬಾರದೆಂಬುದು ನನ್ನ ಆಸೆ. ಪರೀಕ್ಷೆಯನ್ನು ಎಲ್ಲಿಂದ ಆರಂಭಿಸಬೇಕೆಂದು ತಿಳಿದವರು ದಯವಿಟ್ಟು ತಿಳಿಸಿ.

ಹಳೆಗಾಡಿ_ಧಾರವಾಡ:

ಸರ್, ಸದ್ದಿನ ವಿಚಾರವನ್ನು ಸದ್ಯಕ್ಕೆ ಬದಿಗಿಡಿ. ಧ್ವನಿ ಹೆಚ್ಚಿಸಿದಾಗ ಸೆಟ್ ಸ್ತಬ್ಧವಾಗುವುದನ್ನೇ ಮೊದಲು ನೋಡಬೇಕು, ಏಕೆಂದರೆ ಸ್ಟೀರಿಯೊವನ್ನು ಸುಟ್ಟುಹಾಕಬಲ್ಲ ದೋಷ ಅದು. ಆ ಕಾಲದ ಒಂದೇ ಸ್ಪೀಕರಿನ ರೇಡಿಯೊಗಳಲ್ಲಿ ಸ್ಪೀಕರಿನ ಒಂದು ತುದಿಯನ್ನು ನೇರವಾಗಿ ಗಾಡಿಯ ಲೋಹದ ಬಾಡಿಗೆ ಸೇರಿಸಿ ಅರ್ತ್ ಮಾಡುವುದು (ಕರೆಂಟ್ ಬಾಡಿಯ ಮೂಲಕ ಬ್ಯಾಟರಿಗೆ ಮರಳುವಂತೆ) ವಾಡಿಕೆಯಾಗಿತ್ತು. ಇಂದಿನ ಸೆಟ್ಟುಗಳಲ್ಲಿ ಹಾಗಿಲ್ಲ. ಪ್ರತಿ ಸ್ಪೀಕರಿನ ಎರಡೂ ತಂತಿಗಳಿಗೆ ಸೆಟ್ಟೇ ಪ್ರತ್ಯೇಕವಾಗಿ ಸಂಕೇತ ಕೊಡುತ್ತದೆ. ಹಾಡು ಇಲ್ಲದಿರುವಾಗಲೂ ಎರಡರಲ್ಲೂ ಬ್ಯಾಟರಿಯ ಅರ್ಧದಷ್ಟು, ಅಂದರೆ ಸುಮಾರು 6 ವೋಲ್ಟ್ ಇರುತ್ತದೆ. ಅವುಗಳಲ್ಲಿ ಒಂದು ಬಾಡಿಗೆ ತಗುಲಿದರೂ ಒಳಗಿನ ಐಸಿ (ಧ್ವನಿ ವರ್ಧಿಸುವ ಚಿಪ್) ಶಾರ್ಟ್ ಆಗಿ, ತನ್ನನ್ನು ಕಾಪಾಡಿಕೊಳ್ಳಲು ಸೆಟ್ ಬಾಯಿ ಮುಚ್ಚುತ್ತದೆ. ಹೀಗೆಯೇ ಬಳಸುತ್ತಾ ಹೋದರೆ ಒಂದು ದಿನ ಅದು ಏಳುವುದೇ ಇಲ್ಲ.

ಸೆಟ್ಟಿನ ಹಿಂದಿನ ಕನೆಕ್ಟರ್ ಕಳಚಿ, ಗಾಡಿಯ ಕಡೆಯ ಪ್ರತಿ ಸ್ಪೀಕರ್ ತಂತಿಗೂ ಬಾಡಿಗೂ ನಡುವೆ ಮಲ್ಟಿಮೀಟರಿನಲ್ಲಿ ಕಂಟಿನ್ಯುಟಿ, ಅಂದರೆ ಸಂಪರ್ಕವಿದೆಯೇ ಎಂದು ನೋಡಿ. ಒಂದರಲ್ಲೂ ಬೀಪ್ ಬರಬಾರದು. ಬಂದರೆ ಹಳೆಯ ಸ್ಪೀಕರ್ ತಂತಿಯನ್ನು ಹಾಗೆಯೇ ಬಿಟ್ಟು, ಎರಡೂ ಸ್ಪೀಕರುಗಳಿಗೆ ಹೊಸದಾಗಿ ಜೋಡಿ ತಂತಿ ಎಳೆಯಿರಿ. ಹಿಂದಿನ ಸ್ಪೀಕರುಗಳಿಗೆ ಸಾಮಾನ್ಯವಾಗಿ ಹಸಿರು ಜೋಡಿ ಎಡಕ್ಕೆ, ನೇರಳೆ ಜೋಡಿ ಬಲಕ್ಕೆ. ಬಳಸದೆ ಉಳಿಯುವ ಬಿಳಿ ಮತ್ತು ಬೂದು ಬಣ್ಣದ ತಂತಿಗಳ ತುದಿಗಳಿಗೆ ಒಂದೊಂದಕ್ಕೂ ಬೇರೆಬೇರೆಯಾಗಿ ಇನ್ಸುಲೇಷನ್ ಮಾಡಿ. ಎಲ್ಲವನ್ನೂ ಸೇರಿಸಿ ಒಂದೇ ಟೇಪ್ ಸುತ್ತುವುದು ಬೇಡ.

ಆಮೇಲೆ ಅರ್ತ್. ಹೆಡ್‌ಲೈಟ್ ಹಾಕಿ, ಸ್ಟೀರಿಯೊ ಹಾಡುತ್ತಿರುವಾಗ, ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಸೆಟ್ಟಿನ ಕಪ್ಪು ತಂತಿಗೂ ನಡುವೆ ಎಷ್ಟು ವೋಲ್ಟ್ ಇದೆಯೆಂದು ಅಳೆಯಿರಿ. 0.2 ವೋಲ್ಟ್ ಮೀರಿದರೆ ಅರ್ತ್ ಸರಿಯಿಲ್ಲ. ಲೋಡ್ ಇಲ್ಲದೆ, ಅಂದರೆ ಏನನ್ನೂ ಚಾಲೂ ಮಾಡದೆ ಅಳೆದರೆ ತುಕ್ಕು ಹಿಡಿದ ಜಾಯಿಂಟ್ ಕೂಡ ಸರಿಯಿರುವಂತೆ ತೋರುತ್ತದೆ. ಇಂಜಿನ್ನಿನಿಂದ ಬಾಡಿಗೆ ಹೋಗುವ ಹೆಣೆದ ತಾಮ್ರದ ಪಟ್ಟಿಯನ್ನೂ ಮರೆಯದೆ ನೋಡಿ. ಸ್ಟಾರ್ಟರ್ ತಿರುಗಿಸಿದಾಗ ಚೋಕ್ ಕೇಬಲ್ ಬಿಸಿಯಾಗುತ್ತಿದ್ದರೆ, ಆ ಪಟ್ಟಿ ಕೆಟ್ಟು ಸ್ಟಾರ್ಟರಿನ ಕರೆಂಟ್ ಕೇಬಲಿನ ಮೂಲಕ ದಾರಿ ಹುಡುಕಿಕೊಂಡಿದೆ ಎಂದೇ ಅರ್ಥ.

ತಂತಿ_ಬೆಂಗಳೂರು:

ಮೇಲಿನವರು ಹೇಳಿದ್ದನ್ನು ಅನುಮೋದಿಸುತ್ತೇನೆ. ಬ್ಯಾಟರಿ ಖಾಲಿಯಾಗುವುದಕ್ಕೆ ಹಳದಿ ಮತ್ತು ಕೆಂಪು ಒಂದಾಗಿರುವುದೇ ಕಾರಣವೆಂದು ನನಗನ್ನಿಸುತ್ತದೆ. ಹಳದಿ ತಂತಿ ಸೆಟ್ಟಿನ ಮೆಮೊರಿ ಅಳಿಯದಿರುವ ಸಲುವಾಗಿ ಸದಾ ಬ್ಯಾಟರಿಗೆ ಅಂಟಿಕೊಂಡಿರಬೇಕು. ಕೆಂಪಿಗೆ ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರಬೇಕು. ಎರಡೂ ಬ್ಯಾಟರಿಗೆ ಹೋದರೆ, ಗುಂಡಿ ಒತ್ತಿ ಆರಿಸಿದರೂ ಸೆಟ್ ಪೂರ್ತಿ ಮಲಗುವುದಿಲ್ಲ. ನೆಗೆಟಿವ್ ಟರ್ಮಿನಲ್ ಕಳಚಿ, ಮೀಟರನ್ನು 10 ಆಂಪಿನ ಕಿಂಡಿಯಲ್ಲಿಟ್ಟು ಕಳಚಿದ ತಂತಿಗೂ ಬ್ಯಾಟರಿಯ ಕಂಬಕ್ಕೂ ನಡುವೆ ಜೋಡಿಸಿ ನೋಡಿ. ಮೀಟರ್ ಜೋಡಿಸಿರುವಾಗ ಸ್ಟಾರ್ಟರ್ ಮಾತ್ರ ಮುಟ್ಟಬೇಡಿ. ಕಂಪ್ಯೂಟರ್ ಇಲ್ಲದ ಇಂಥ ಗಾಡಿಯಲ್ಲಿ ಕೀ ತೆಗೆದ ಮೇಲೆ ಕೆಲವೇ ಮಿಲಿಆಂಪ್ ಉಳಿಯಬೇಕು.

ಮೂಲ ವೈರಿಂಗ್ ಕತ್ತರಿಸದೆ ಕೆಲಸ ಮಾಡುವ ದಾರಿ ಇದೆ. ಹಳದಿಗೆ ಬ್ಯಾಟರಿಯ ಪಾಸಿಟಿವಿನಿಂದ ಪ್ರತ್ಯೇಕ ತಂತಿ ಎಳೆದು, ಬ್ಯಾಟರಿಯಿಂದ ಒಂದು ಗೇಣಿನೊಳಗೆ ಫ್ಯೂಸ್ ಹಾಕಿ. ಫ್ಯೂಸ್ ದೂರವಿದ್ದರೆ ಅದಕ್ಕಿಂತ ಮುಂಚಿನ ತಂತಿ ಉಜ್ಜಿ ಬಾಡಿಗೆ ತಗುಲಿದ ದಿನ ಅದನ್ನು ಕಾಯುವವರಿಲ್ಲ. ಕೆಂಪನ್ನು ಇಗ್ನಿಷನ್ನಿನಿಂದ ಕರೆಂಟ್ ಪಡೆಯುವ ಫ್ಯೂಸಿನ ಹೊರಬದಿಗೆ ಸೇರಿಸಿ. ಫ್ಯೂಸ್ ಬಾಕ್ಸಿನ ಹಿತ್ತಾಳೆ ಕ್ಲಿಪ್ಪುಗಳು ಹಸಿರುಗಟ್ಟಿದ್ದರೆ ನಯವಾದ ಉಪ್ಪುಕಾಗದದಿಂದ ಉಜ್ಜಿ, ಸ್ವಲ್ಪ ಬಿಗಿ ಮಾಡಿ.

ಹೆಡ್‌ಲೈಟಿಗೆ ಹ್ಯಾಲೊಜನ್ ಬಲ್ಬ್ ಹಾಕಿಸಿದ್ದೀರಾ? 55 ವಾಟಿನ ಎರಡು ಬಲ್ಬುಗಳು ಡಿಪ್ಪಿನಲ್ಲಿಯೇ ಸುಮಾರು 9 ಆಂಪ್ ಎಳೆಯುತ್ತವೆ. ಅಷ್ಟು ಕರೆಂಟ್ ಹಳೆಯ ಸ್ವಿಚ್ಚಿನ ಮೂಲಕವೇ ಹೋಗುತ್ತಿದ್ದರೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ನಡೆಸುವ ಸ್ವಿಚ್) ಹಾಕಿಸುವುದು ಒಳ್ಳೆಯದು. ಆಲ್ಟರ್ನೇಟರಿನಿಂದ ಬ್ಯಾಟರಿಗೆ ಹೋಗುವ ತಂತಿ ಡೈನಮೋ ಕಾಲದ್ದೇ ಆಗಿದ್ದರೆ ಅದೂ ಸಣ್ಣದಾಯಿತು.

ಪದ್ಮಿನಿ_ಮೈಸೂರು:

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಎರಡೂ ಸ್ಪೀಕರುಗಳ ಒಂದೊಂದು ತುದಿ ಬಾಡಿಗೇ ಸೇರಿತ್ತು. ಹೊಸ ಜೋಡಿ ತಂತಿ ಎಳೆದ ಮೇಲೆ ಧ್ವನಿ ಎಷ್ಟು ಹೆಚ್ಚಿಸಿದರೂ ಸೆಟ್ ನಿಲ್ಲುತ್ತಿಲ್ಲ. ಕಪ್ಪು ತಂತಿಯನ್ನು ಬಣ್ಣ ಬಳಿದ ಬ್ರಾಕೆಟ್ಟಿನ ಸ್ಕ್ರೂ ಒಂದಕ್ಕೆ ಸುತ್ತಿದ್ದರು, ಅಲ್ಲಿ 0.9 ವೋಲ್ಟ್ ತೋರಿಸಿತು. ಲೋಹ ಕಾಣುವಂತೆ ಕೆರೆದು, ರಿಂಗ್ ಟರ್ಮಿನಲ್ ಹಾಕಿ ಬೋಲ್ಟ್ ಬಿಗಿದ ಮೇಲೆ 0.05ಕ್ಕೆ ಇಳಿಯಿತು. ಈಗ ಹಾರ್ನ್ ಒತ್ತಿದರೂ ಸೆಟ್ ಆರುವುದಿಲ್ಲ. ಕೀ ತೆಗೆದಾಗ ಎಳೆಯುತ್ತಿದ್ದ 180 ಮಿಲಿಆಂಪ್, ಹಳದಿ ಕೆಂಪುಗಳನ್ನು ಬೇರ್ಪಡಿಸಿದ ಕೂಡಲೇ 4ಕ್ಕೆ ಬಂತು. ಇಂಜಿನ್ ಓಡುವಾಗ ಬ್ಯಾಟರಿಯಲ್ಲಿ 14.1 ವೋಲ್ಟ್ ಇದೆ. ಕೊರೆಯುವ ಸದ್ದು ಹೋಗಿದೆ, ಆದರೆ ರೇಡಿಯೊ ಕೇಳುವಾಗ ಇಂಜಿನ್ನಿನ ವೇಗಕ್ಕೆ ತಕ್ಕಂತೆ ಟಿಕ್ ಟಿಕ್ ಎನ್ನುವುದು ಉಳಿದಿದೆ. ಬ್ಲೂಟೂತಿನಲ್ಲಿ ಅದು ಕೇಳುವುದಿಲ್ಲ.

ಹಳೆಗಾಡಿ_ಧಾರವಾಡ:

ಬಹಳ ಸಂತೋಷ ಸರ್. 180 ಮಿಲಿಆಂಪ್ ಎಂದರೆ ದಿನಕ್ಕೆ ನಾಲ್ಕು ಆಂಪ್-ಅವರಿಗಿಂತ ಹೆಚ್ಚು. ಒಂದು ವಾರಕ್ಕೆ ಬ್ಯಾಟರಿ ಸೋತದ್ದು ಸಹಜ. ಟಿಕ್ ಟಿಕ್ ರೇಡಿಯೊದಲ್ಲಿ ಮಾತ್ರ ಕೇಳುವುದರಿಂದ ಅದು ಇಗ್ನಿಷನ್ನಿನ ಕಿಡಿಯಿಂದ ಹೊರಟು ಏರಿಯಲ್ ಮೂಲಕ ಬರುತ್ತಿರಬೇಕು. ಸೆಟ್ಟಿನಿಂದ ಏರಿಯಲ್ ಪ್ಲಗ್ ಎಳೆದಾಗ ಅದು ನಿಂತರೆ ಖಾತ್ರಿ. ಏರಿಯಲಿನ ಬುಡವನ್ನು ಬಿಚ್ಚಿ, ಫೆಂಡರಿನ ಒಳಭಾಗದಲ್ಲಿ ಬಣ್ಣ ಕೆರೆದು ಬಿಗಿಯಾಗಿ ಕೂರಿಸಿ. ರೆಸಿಸ್ಟರ್ ಇರುವ ಸ್ಪಾರ್ಕ್ ಪ್ಲಗ್ಗುಗಳನ್ನು ಹಾಕಿಸಿ. ಅಷ್ಟಕ್ಕೂ ನಿಲ್ಲದಿದ್ದರೆ ಇಗ್ನಿಷನ್ ಕಾಯಿಲಿಗೆ ಸಪ್ರೆಸರ್ ಕಂಡೆನ್ಸರ್ (ಇಂಥ ಸದ್ದನ್ನು ಅಡಗಿಸುವ ಭಾಗ) ಸೇರಿಸಬಹುದು, ಆದರೆ ಅದನ್ನು ಸ್ವಿಚ್ಚಿನಿಂದ ಕರೆಂಟ್ ಬರುವ ಟರ್ಮಿನಲಿಗೇ ಸೇರಿಸಬೇಕು. ಡಿಸ್ಟ್ರಿಬ್ಯೂಟರ್ ಕಡೆಯ ಟರ್ಮಿನಲಿಗೆ ಸೇರಿಸಿದರೆ ಕಿಡಿ ದುರ್ಬಲವಾಗಿ ಇಂಜಿನ್ನೇ ತಡವರಿಸುತ್ತದೆ.

ಇದನ್ನು ಓದುವ ಹಳೆಯ ಬ್ರಿಟಿಷ್ ವಿನ್ಯಾಸದ ಗಾಡಿಗಳ ಮಾಲೀಕರಿಗೆ ಒಂದು ಮಾತು: ನಿಮ್ಮ ಗಾಡಿಯಲ್ಲಿ ಪಾಸಿಟಿವ್ ಅರ್ತ್ ಇರಬಹುದು. ಬ್ಯಾಟರಿಯ ಯಾವ ಕಂಬ ಬಾಡಿಗೆ ಸೇರಿದೆಯೆಂದು ನೋಡದೆ ಹೊಸ ಸೆಟ್ ಜೋಡಿಸಬೇಡಿ. ಅದರ ಲೋಹದ ಹೊರಕವಚವೇ ನೆಗೆಟಿವ್ ಆಗಿರುವುದರಿಂದ ಡ್ಯಾಶ್‌ಬೋರ್ಡಿಗೆ ತಗುಲಿದ ಕ್ಷಣವೇ ಶಾರ್ಟ್ ಆಗುತ್ತದೆ.