ಪರಿಸರ ವಿಜ್ಞಾನದಲ್ಲಿ ಪಿಎಚ್‌ಡಿ: ಮೊದಲು ನೆಟ್ಟಾ, ಗೈಡಾ?

ಕೇಳಿದ್ದು

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗ ಜಿಲ್ಲೆಯವಳು. ಎಂಎಸ್ಸಿ ಪರಿಸರ ವಿಜ್ಞಾನ, ಕೊನೆಯ ಸೆಮಿಸ್ಟರ್. ಅಡಿಕೆಗೆ ಕೊಳೆರೋಗ ಬರದಿರಲಿ ಅಂತ ಮಳೆಗಾಲದಲ್ಲಿ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯುತ್ತಾರಲ್ವಾ, ಆ ತೋಟಗಳ ನಡುವೆ ಹರಿಯುವ ಹಳ್ಳಗಳ ಮೇಲೆ ನನ್ನ ಪ್ರಾಜೆಕ್ಟ್. ತೋಟ ದಾಟಿದ ಮೇಲೆ ನೀರಿನ ಹುಳಗಳು ಕಡಿಮೆ ಸಿಕ್ಕವು. ಇದನ್ನೇ ಮುಂದುವರಿಸಿ ಪಿಎಚ್‌ಡಿ ಮಾಡಬೇಕು ಅಂತ ಆಸೆ. ಮೊದಲು ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಪಾಸ್ ಮಾಡಬೇಕಾ, ಗೈಡ್ ಹುಡುಕಬೇಕಾ? ಜೀವವಿಜ್ಞಾನದ ಕಡೆ ನಮ್ಮಂಥವರನ್ನು ತಗೊಳ್ತಾರಾ? ಹೊರದೇಶಕ್ಕೂ ಹಾಕಬಹುದಾ? ಅರ್ಜಿ ಹಾಕಿದ ಅನುಭವ ಇರುವವರು ದಯವಿಟ್ಟು ತಿಳಿಸಿ.

ಬೆಂಗಳೂರಿನಲ್ಲಿ ಪಿಎಚ್‌ಡಿ ಮಾಡುತ್ತಿರುವವರು

ಎರಡನ್ನೂ ಒಟ್ಟಿಗೇ ಶುರು ಮಾಡಿ. ಪರೀಕ್ಷೆಯಿಂದ ಸಿಗುವುದು ಫೆಲೋಶಿಪ್ ಮತ್ತು ಸಂದರ್ಶನದ ಕರೆ. ಸೀಟು ಸಿಗುವುದು ನಿಮ್ಮ ಕೈಯಲ್ಲಿ ಗಟ್ಟಿಯಾದ ಒಂದು ಪ್ರಶ್ನೆ ಇದ್ದರೆ. ನಿಮ್ಮ ಹತ್ತಿರ ಅದು ಈಗಾಗಲೇ ಇದೆ. ಅದನ್ನು ಬಿಟ್ಟು ಸಂಸ್ಥೆಯ ಹೆಸರಿನ ಹಿಂದೆ ಹೋಗಬೇಡಿ.

ಮೊದಲು ಪರೀಕ್ಷೆಯ ವಿಷಯ. ನಿಮಗೆ ಎರಡು ನೆಟ್ ಇವೆ. ಯುಜಿಸಿ ನೆಟ್‌ನಲ್ಲಿ ಪರಿಸರ ವಿಜ್ಞಾನ ಪ್ರತ್ಯೇಕ ವಿಷಯ, ನೆಗೆಟಿವ್ ಅಂಕ ಇಲ್ಲ. ಸಿಎಸ್‌ಐಆರ್-ಯುಜಿಸಿ ನೆಟ್‌ನಲ್ಲಿ ಜೀವವಿಜ್ಞಾನದ ಪೇಪರ್ ಇದೆ, ಅಲ್ಲಿ ತಪ್ಪಿಗೆ ಕಾಲು ಭಾಗ ಅಂಕ ಹೋಗುತ್ತದೆ. ಅದರ ಪಠ್ಯದಲ್ಲಿ 13 ಘಟಕ ನೋಡಿ ಹೆದರುವವರೇ ಜಾಸ್ತಿ. ಆದರೆ 'ಸಿ' ಭಾಗದಲ್ಲಿ 75 ಪ್ರಶ್ನೆ ಕೊಟ್ಟು 25ಕ್ಕೆ ಉತ್ತರಿಸಿ ಅನ್ನುತ್ತಾರೆ. ಇಕಾಲಜಿ, ವಿಕಾಸ, ಅನ್ವಯಿಕ ಜೀವವಿಜ್ಞಾನ, ಪ್ರಯೋಗ ವಿಧಾನ, ಇವನ್ನು ಗಟ್ಟಿ ಮಾಡಿಕೊಂಡವರಿಗೆ ಅಲ್ಲಿ ಒಳ್ಳೆಯ ಅವಕಾಶ ಇದೆ.

ನೆಟ್‌ನಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಬಂದರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ ಎಸ್‌ಆರ್‌ಎಫ್ (ಹಿರಿಯ ಫೆಲೋಶಿಪ್) ಆಗಿ 42,000. ಮನೆ ಬಾಡಿಗೆ ಭತ್ಯೆ ಬೇರೆ. 2024ರಿಂದ ನೆಟ್‌ನಲ್ಲಿ 'ಪಿಎಚ್‌ಡಿ ಪ್ರವೇಶಕ್ಕೆ ಮಾತ್ರ' ಅಂತ ಇನ್ನೊಂದು ಅರ್ಹತೆ ಬಂದಿದೆ. ಅದು ಒಂದೇ ವರ್ಷ ನಡೆಯುತ್ತದೆ, ಅದರ ಜೊತೆ ಫೆಲೋಶಿಪ್ ಬರುವುದಿಲ್ಲ. ಫಲಿತಾಂಶದ ಹಾಳೆಯಲ್ಲಿ ಯಾವುದು ಬಂದಿದೆ ಅಂತ ಸರಿಯಾಗಿ ನೋಡಿಕೊಳ್ಳಿ.

ಗೇಟ್ ಅನ್ನುವ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಕೂಡ ಬರೆಯಿರಿ. ಅದರಲ್ಲಿ ಇಕಾಲಜಿ ಮತ್ತು ಎವಲ್ಯೂಷನ್‌ಗೇ ಒಂದು ಪೇಪರ್ ಇದೆ. ಅಂಕ ಮೂರು ವರ್ಷ ಬಾಳುತ್ತದೆ. ನಮ್ಮ ಐಐಎಸ್‌ಸಿಯ ಸೆಂಟರ್ ಫಾರ್ ಇಕಲಾಜಿಕಲ್ ಸೈನ್ಸಸ್‌ನಂಥ ಕಡೆ ಸಂದರ್ಶನದ ಕರೆಗೆ ಇದು ದಾರಿ. ಬೆಂಗಳೂರಿನದೇ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ಗೆ ಬೇರೆ ಪ್ರವೇಶ ಪರೀಕ್ಷೆ ಇದೆ, ಸಾಮಾನ್ಯವಾಗಿ ಡಿಸೆಂಬರ್‌ನಲ್ಲಿ.

ಈಗ ಸಂದರ್ಶನ. ನನ್ನನ್ನು ಬೋರ್ಡ್ ಮುಂದೆ ನಿಲ್ಲಿಸಿ, ಎಂಎಸ್ಸಿ ಪ್ರಾಜೆಕ್ಟಿನ ಜಾಗದ ನಕ್ಷೆ ಬರೆಯಿರಿ ಅಂದರು. ಬರೆದೆ. ಎಷ್ಟು ಕೆರೆ? ಮೂರು. ಒಂದೊಂದರಲ್ಲಿ ಎಷ್ಟು ಕಡೆ ಸ್ಯಾಂಪಲ್ ತೆಗೆದಿರಿ? ಹತ್ತು. ಹಾಗಾದರೆ ನಿಮ್ಮ ಸ್ಯಾಂಪಲ್ ಸಂಖ್ಯೆ ಮೂವತ್ತಾ, ಮೂರಾ? ಕೆರೆಗಳನ್ನು ಹೋಲಿಸುವುದಾದರೆ ಮೂರೇ ಅಂದೆ, ಒಂದೇ ಕೆರೆಯ ಹತ್ತು ಬಾಟಲಿ ನೀರು ಹತ್ತು ಕೆರೆ ಆಗುವುದಿಲ್ಲವಲ್ಲ. ಇನ್ನೊಂದು ತಿಂಗಳ ದುಡ್ಡು ಕೊಟ್ಟರೆ ಜಾಗ ಜಾಸ್ತಿ ಮಾಡ್ತೀರಾ, ಕೆರೆ ಜಾಸ್ತಿ ಮಾಡ್ತೀರಾ? ಉಳಿದ ಹೊತ್ತೆಲ್ಲ ಇದರ ಮೇಲೇ ಮಾತು. ಪುಸ್ತಕದ ವ್ಯಾಖ್ಯೆ ಒಂದನ್ನೂ ಕೇಳಲಿಲ್ಲ. ನಿಮಗೂ ಹಳ್ಳಗಳ ಬಗ್ಗೆ ಇದೇ ಕೇಳುತ್ತಾರೆ. ಮೈಲುತುತ್ತದ ತಾಮ್ರದಿಂದ ಹುಳ ಕಡಿಮೆ ಆದವಾ? ಅಥವಾ ಹಳ್ಳದ ದಂಡೆಯ ಮರ ಕಡಿದು, ನೆರಳು ಹೋಗಿ, ನೀರು ಬಿಸಿಯಾಗಿ ಕಡಿಮೆ ಆದವಾ? ಎರಡನ್ನೂ ಬೇರ್ಪಡಿಸುವುದು ಹೇಗೆ? ಬೋರ್ಡೋ ಹೊಡೆಯದೆ ಅಡಿಕೆ ಕೊನೆಗಳಿಗೆ ಕೊಟ್ಟೆ (ಮಳೆ ತಾಗದ ಹೊದಿಕೆ) ಕಟ್ಟುವ ತೋಟ ಸಿಕ್ಕರೆ ಹೋಲಿಸಬಹುದಲ್ವಾ? ಇದನ್ನು ಒಂದು ಪುಟದಲ್ಲಿ ಬರೆದಿಡಿ. ನಿಮ್ಮ ಅರ್ಜಿಯ ಜೀವ ಇರುವುದು ಅಲ್ಲೇ.

ಗೈಡ್‌ಗೆ ಮೇಲ್ ಕಳಿಸುವಾಗಲೂ ಇದನ್ನೇ ಬರೆಯಿರಿ. 'ನಿಮ್ಮ ಸಂಶೋಧನೆಯಲ್ಲಿ ಅಪಾರ ಆಸಕ್ತಿ ಇದೆ' ಅಂತ ಎಲ್ಲರಿಗೂ ಒಂದೇ ಪತ್ರ ಕಳಿಸಿದರೆ ಯಾರೂ ಓದುವುದಿಲ್ಲ. ಅವರ ಈಚಿನ ಒಂದು ಪೇಪರ್ ಪೂರ್ತಿ ಓದಿ, ಅದು ನಿಮ್ಮ ಹಳ್ಳಕ್ಕೆ ಎಲ್ಲಿ ತಾಗುತ್ತದೆ ಅಂತ ಎರಡು ಸಾಲು ಬರೆದರೆ ಉತ್ತರ ಬರುತ್ತದೆ. ಬರದಿದ್ದರೆ ಎರಡು ವಾರ ಬಿಟ್ಟು ಇನ್ನೊಮ್ಮೆ ಕಳಿಸಿ. ಅದರಲ್ಲಿ ಸಂಕೋಚ ಬೇಡ.

ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುವವರು

ನೋಡಮ್ಮ, ರಾಜ್ಯದ ವಿಶ್ವವಿದ್ಯಾಲಯಗಳನ್ನು ಬಿಡಬೇಡ. ನಿನ್ನ ಹಳ್ಳಕ್ಕೆ ಹತ್ತಿರ ಇದ್ದು, ಅಲ್ಲಿನ ರೈತರ ಜೊತೆ ಮಾತಾಡಬಲ್ಲ ಗೈಡ್ ಸಿಗುವುದು ದೊಡ್ಡ ವಿಷಯ. ಆದರೆ ಮೊದಲೇ ಕೇಳಬೇಕಾದ ಮಾತು: ಸೀಟು ಖಾಲಿ ಇದೆಯಾ? ಯುಜಿಸಿಯ 2022ರ ನಿಯಮದಲ್ಲಿ ಏಕಕಾಲಕ್ಕೆ ಪ್ರೊಫೆಸರ್‌ಗೆ 8, ಅಸೋಸಿಯೇಟ್ ಪ್ರೊಫೆಸರ್‌ಗೆ 6, ಅಸಿಸ್ಟೆಂಟ್ ಪ್ರೊಫೆಸರ್‌ಗೆ 4 ವಿದ್ಯಾರ್ಥಿಗಳು ಮಾತ್ರ. ಗೈಡ್ ಒಪ್ಪಿದರೂ ಜಾಗ ಇಲ್ಲದೆ ವರ್ಷ ಕಾದವರು ಇದ್ದಾರೆ.

ಇನ್ನೊಂದು, ಗೈಡ್ ಹತ್ತಿರ ಈಗ ಓದುತ್ತಿರುವ ಇಬ್ಬರನ್ನಾದರೂ ಮಾತಾಡಿಸು. ಫೆಲೋಶಿಪ್ ಸಮಯಕ್ಕೆ ಬರುತ್ತಾ, ಬರೆದ ಅಧ್ಯಾಯ ಎಷ್ಟು ದಿನಕ್ಕೆ ಓದಿ ಕೊಡ್ತಾರೆ, ಹುಡುಗಿಯರು ಫೀಲ್ಡ್‌ಗೆ ಹೋದಾಗ ಉಳಿಯಲು ಏನು ವ್ಯವಸ್ಥೆ. ನೇರವಾಗಿ ಕೇಳು. ಇದು ಅರ್ಜಿಯಷ್ಟೇ ಮುಖ್ಯ ಅಂತ ನಾನು ನಂಬಿದ್ದೇನೆ. ಹಳ್ಳದ ಮೇಲ್ಭಾಗ ಅಭಯಾರಣ್ಯದ ಒಳಗೆ ಬಂದರೆ ಅರಣ್ಯ ಇಲಾಖೆಯ ಅನುಮತಿ ಬೇಕು, ಅದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಯೋಜನೆಯಲ್ಲೇ ಆ ಸಮಯ ತೋರಿಸಿಬಿಡು.

ಜರ್ಮನಿಯಿಂದ, ಹಾಸನದವರು

ಹೊರಗೂ ಖಂಡಿತ ಹಾಕಬಹುದು. ಇಲ್ಲಿ ಪಿಎಚ್‌ಡಿ ಅಂದರೆ ಹೆಚ್ಚಾಗಿ ಕೆಲಸ. ಜಾಹೀರಾತು ಬರುತ್ತದೆ, ಅರ್ಜಿ ಹಾಕಬೇಕು, ಸಂಬಳ ಕೊಡುತ್ತಾರೆ. ಇಕಾಲಜಿಯಲ್ಲಿ 65 ಶೇಕಡಾ ಹುದ್ದೆ ಅಂತ ಬರೆದಿದ್ದರೆ ಗಾಬರಿ ಬೇಡ, ಇಲ್ಲಿ ಅದೇ ರೂಢಿ. ಆದರೆ ಹೆಚ್ಚಿನ ಸಲ ವಿಷಯ ಅವರೇ ಗೊತ್ತು ಮಾಡಿರುತ್ತಾರೆ. ನಿಮ್ಮ ಹಳ್ಳವನ್ನು ತಂದು ಇಲ್ಲಿ ಕೂರಿಸುವುದು ಕಷ್ಟ. ಅಮೆರಿಕದಲ್ಲಿ ಆ ಸ್ವಾತಂತ್ರ್ಯ ಸ್ವಲ್ಪ ಜಾಸ್ತಿ. ಅಲ್ಲಿ ಹೆಚ್ಚಿನ ಅರ್ಜಿಗಳ ಗಡುವು ಡಿಸೆಂಬರ್, ಪ್ರೊಫೆಸರ್‌ಗಳಿಗೆ ಆಗಸ್ಟ್, ಸೆಪ್ಟೆಂಬರ್‌ನಲ್ಲೇ ಬರೆಯಬೇಕು. ಬಹಳ ಕಡೆ ಜಿಆರ್‌ಇ ಪ್ರವೇಶ ಪರೀಕ್ಷೆ ಕೈಬಿಟ್ಟಿದ್ದಾರೆ. ಅರ್ಜಿ ಶುಲ್ಕ ಭಾರ ಅನ್ನಿಸಿದರೆ ಮಾಫಿ ಇದೆಯಾ ಅಂತ ವಿಭಾಗದ ಕಚೇರಿಗೆ ಬರೆದು ಕೇಳಿ.

ಶಿಫಾರಸು ಪತ್ರದ ಬಗ್ಗೆ ಈಗಲೇ ಯೋಚಿಸಿ. 'ನೀನೇ ಬರೆದುಕೊಂಡು ಬಾ, ಸಹಿ ಹಾಕ್ತೀನಿ' ಅನ್ನುವ ಮೇಷ್ಟ್ರು ನಮ್ಮಲ್ಲಿ ಇದ್ದಾರೆ. ಹೊರದೇಶದ ಅರ್ಜಿಗಳಲ್ಲಿ ಸಾಮಾನ್ಯವಾಗಿ ಲಿಂಕ್ ನೇರ ಅವರ ಮೇಲ್‌ಗೆ ಹೋಗುತ್ತದೆ, ಅವರೇ ಬರೆದು ಹಾಕಬೇಕು. ನೀವು ಮಾಡಿದ ಕೆಲಸವನ್ನು ಅರ್ಧ ಪುಟದಲ್ಲಿ ಬರೆದು ಕೊಡಿ: ಯಾವ ಹಳ್ಳ, ಏನು ಅಳೆದಿರಿ, ಯಾವ ತೊಂದರೆ ಬಂತು, ಹೇಗೆ ಸರಿ ಮಾಡಿದಿರಿ. ಗಡುವಿಗೆ ಒಂದು ವಾರ ಮೊದಲು ಫೋನ್ ಮಾಡಿ ನೆನಪಿಸಿ.

ಪ್ರಾಜೆಕ್ಟ್ ಅಸಿಸ್ಟೆಂಟ್ ಆಗಿದ್ದವರು

ಈ ವರ್ಷ ಎಲ್ಲೂ ಆಗದಿದ್ದರೆ ಮನೆಯಲ್ಲಿ ಸುಮ್ನೆ ಕೂತು ನೆಟ್ ಓದಬೇಡಿ. ಸಂಶೋಧನಾ ಸಂಸ್ಥೆಗಳಲ್ಲಿ ಪ್ರಾಜೆಕ್ಟ್ ಹುದ್ದೆಗಳನ್ನು ಆಗಾಗ ಕರೆಯುತ್ತಾರೆ. ಅಲ್ಲಿ ಸಂಬಳವೂ ಬರುತ್ತದೆ, 'ಆರ್' ತಂತ್ರಾಂಶದಲ್ಲಿ ಲೆಕ್ಕ ಹಾಕುವುದೂ ಕೈಗೆ ಹತ್ತುತ್ತದೆ, ನಿಮ್ಮ ಕೆಲಸವನ್ನು ಕಣ್ಣಾರೆ ಕಂಡ ಒಬ್ಬರು ಶಿಫಾರಸು ಮಾಡಲು ಸಿಗುತ್ತಾರೆ. ಆ ಒಂದು ಪುಟ ಬರೆದಾದ ಮೇಲೆ ಇಲ್ಲಿ ಹಾಕಿ. ನಾನು ಓದಿ, ಸಂದರ್ಶನದಲ್ಲಿ ಕೇಳುವಂತೆಯೇ ಪ್ರಶ್ನೆ ಕೇಳುತ್ತೇನೆ.